ಮೂರನೇ ಗುರುವಾರದ ಜ್ವರ

ದೇವದುರ್ಗ
೩ ಜನವರಿ ೨೦೨೫

ಚಂದ್ರಕಲಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿ, ಆಮೇಲೆ ಪಿಯುಸಿಯ ಎರಡು ವರ್ಷ ನನ್ನ ಮನೆಯಲ್ಲೇ ಇದ್ದು, ನನ್ನ ಕೈಬರಹದ ಟಿಪ್ಪಣಿಗಳನ್ನೇ ಓದಿ ಪಾಸಾದವಳು ನೀನು. ಫೋನ್ ಮಾಡಬಹುದಿತ್ತು, ನಿಮ್ಮವ್ವ ಅಯ್ಯಮ್ಮನ ಹತ್ತಿರ ನಿನ್ನ ನಂಬರಿದೆ. ಆದರೆ ನಾವಿಬ್ಬರೂ ಕೊನೆಯ ಸಲ ಫೋನಿನಲ್ಲಿ ಮಾತಾಡಿದಾಗ ಏನಾಯಿತೆಂದು ಇಬ್ಬರಿಗೂ ನೆನಪಿದೆ. ಪತ್ರದಲ್ಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಸುಮ್ಮನಿರಲೇಬೇಕು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನನ್ನ ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇತ್ತು. ಡಿಸೆಂಬರ್ ಹತ್ತಕ್ಕೆ ರಾಯಚೂರಿನ ಆಸ್ಪತ್ರೆಯಲ್ಲಿ ಕೆರೆದು ತೆಗೆದರು. ಸ್ನಾಯುವಿನವರೆಗೆ ಇಳಿದಿಲ್ಲ, ಆದರೆ ತೆಗೆದರೂ ಮತ್ತೆ ಹುಟ್ಟುವ ಜಾತಿಯದು ಅಂದರು. ಗಾಬರಿಯಾಗಬೇಡ, ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕಲ್ಲ.

ಮತ್ತೆ ಹುಟ್ಟದಂತೆ ಏನು ಮಾಡುತ್ತೀರಿ ಎಂದು ಡಾಕ್ಟರನ್ನು ಕೇಳಿದೆ. ಅವರು ಚೀಟಿ ಬರೆಯುತ್ತಲೇ, "ಬಿ.ಸಿ.ಜಿ. ಹಾಕ್ತೀವ್ರಿ. ವಾರಕ್ಕ ಒಂದರಂಗ ಆರು ವಾರ, ಸೀದಾ ಮೂತ್ರಕೋಶದೊಳಗ" ಎಂದರು. ನನಗೆ ತಪ್ಪಾಗಿ ಕೇಳಿಸಿತೇನೋ ಅಂದುಕೊಂಡೆ. "ಬಿ.ಸಿ.ಜಿ. ಅಂದ್ರ ಕೂಸಿಗೆ ಹಾಕೋ ಟಿ.ಬಿ. ಲಸಿಕಿ ಅಲ್ಲೇನ್ರೀ?" ಅಂದೆ. "ಅದ ರೀ, ಅದ" ಎಂದು ಅವರು ಮುಂದಿನ ರೋಗಿಯನ್ನು ಕರೆದರು.

ಮೂವತ್ತು ವರ್ಷ ಮಕ್ಕಳ ಎಡತೋಳಿನ ಲಸಿಕೆಯ ಕಲೆ ತೋರಿಸಿ ಪಾಠ ಹೇಳಿದ್ದೇನೆ. ಅದೇ ವಸ್ತು ಕ್ಯಾನ್ಸರಿಗೆ ಔಷಧಿ ಎಂದು ಐವತ್ತೇಳನೇ ವಯಸ್ಸಿನಲ್ಲಿ, ಒಬ್ಬ ರೋಗಿಯಾಗಿ ಕಲಿತೆ. ನಿನ್ನೆ ಮೊದಲ ಗುರುವಾರ. ನನ್ನ ತಮ್ಮ ಸಂಜೀವ ಮಾನ್ವಿಯಿಂದ ಬಂದು ಜೊತೆಗಿದ್ದ. ಸಣ್ಣ ನಳಿಗೆ ಹಾಕಿ ಒಳಗೆ ಬಿಟ್ಟರು, ಅರ್ಧ ಲೋಟದಷ್ಟೂ ಇಲ್ಲ. ಎರಡು ತಾಸು ತಡೆದುಕೊಂಡು, ಆಗಾಗ ಮಗ್ಗಲು ಬದಲಿಸುತ್ತಾ ಮಲಗಬೇಕು. ಆಮೇಲೆ ಮೂತ್ರ ಮಾಡಿ ಬ್ಲೀಚಿಂಗ್ ಪೌಡರ್ ಸುರಿಯಬೇಕು, ಒಳಗಿಂದ ಬರುವ ಬ್ಯಾಕ್ಟೀರಿಯಾ ಜೀವಂತವಂತೆ. ನನಗೆ ಒಂದು ಚೂರೂ ಏನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ನಿರಾಸೆಯಾಯಿತು.

ದೀಪಾವಳಿ ಹೊತ್ತಿಗೆ ಪೇಪರಿನಲ್ಲಿ ನಿನ್ನ ಫೋಟೋ ನೋಡಿದ್ದೆ. "ಬ್ಯಾಕ್ಟೀರಿಯಾದ ತುಣುಕುಗಳಿಂದ ಗಡ್ಡೆ ಕರಗಿಸುವ ಸಂಶೋಧನೆಯಲ್ಲಿ ದೇವದುರ್ಗದ ಯುವತಿ" ಎಂದಿತ್ತು. ಅಂದು ಪೂರ್ತಿ ಓದದೆ ಮಡಚಿಟ್ಟೆ. ನಿನ್ನೆ ಮನೆಗೆ ಬಂದವಳೇ ಹುಡುಕಿ ತೆಗೆದು ಮೂರು ಸಲ ಓದಿದೆ. ನಿನ್ನ ವಿಳಾಸವೂ ಅದರಿಂದಲೇ ಸಿಕ್ಕಿತು.

ಡಾಕ್ಟರಿಗೆ ಪುರುಸೊತ್ತಿಲ್ಲ, ಆದ್ದರಿಂದ ನಿನ್ನನ್ನು ಕೇಳುತ್ತಿದ್ದೇನೆ. ಈ ಬ್ಯಾಕ್ಟೀರಿಯಾ ನನ್ನೊಳಗೆ ಹೋಗಿ ನಿಜವಾಗಿ ಏನು ಮಾಡುತ್ತದೆ? ಅರ್ಥವಾಗದ ಔಷಧಿ ತೆಗೆದುಕೊಂಡು ನನಗೆ ಅಭ್ಯಾಸವಿಲ್ಲ.

ಸುನಂದಾ


ಹೈದರಾಬಾದ್
೧೦ ಜನವರಿ ೨೦೨೫

ಅಕ್ಕೋರಿಗೆ ಚಂದ್ರಕಲಾಳ ನಮಸ್ಕಾರಗಳು.

ನಿಮ್ಮ ಪತ್ರ ಮಂಗಳವಾರ ಬಂತು. ಉತ್ತರ ಬರೆಯಲು ಮೂರು ದಿನ ಬೇಕಾಯಿತು. ನೀವು ಕೇಳಿದ್ದಕ್ಕೆ ಉತ್ತರ ಇಷ್ಟು.

ಕ್ಯಾನ್ಸರ್ ಜೀವಕೋಶ ಹೊರಗಿನಿಂದ ಬಂದದ್ದಲ್ಲ, ನಮ್ಮದೇ ಕೋಶ ಹಾದಿ ತಪ್ಪಿದ್ದು. ಅದಕ್ಕೇ ದೇಹದ ಕಾವಲು ಕೋಶಗಳು ಅದರ ಪಕ್ಕದಲ್ಲೇ ಓಡಾಡಿದರೂ ಕೈ ಎತ್ತುವುದಿಲ್ಲ. ಬ್ಯಾಕ್ಟೀರಿಯಾದ ವಿಷಯ ಬೇರೆ. ಅದರ ಹೊರಗೋಡೆಯ ಒಂದು ಚೂರು ಕಂಡರೂ ಕಾವಲು ಕೋಶಗಳು ಕೆರಳುತ್ತವೆ. ಬಿ.ಸಿ.ಜಿ. ಮೂತ್ರಕೋಶದ ಗೋಡೆಗೆ ಅಂಟಿಕೊಂಡು ಆ ಗದ್ದಲ ಎಬ್ಬಿಸುತ್ತದೆ. ಗದ್ದಲಕ್ಕೆ ಓಡಿ ಬಂದವು ಅಲ್ಲಿ ಉಳಿದುಕೊಂಡ ಕ್ಯಾನ್ಸರ್ ಕೋಶಗಳನ್ನೂ ಗುರುತಿಸಿ ಕೊಲ್ಲುತ್ತವೆ. ಮೊದಲ ಒಂದೆರಡು ವಾರ ಏನೂ ಅನಿಸದಿರುವುದು ಸಹಜ, ದೇಹ ಆಗ ಕಲಿಯುತ್ತಿರುತ್ತದೆ. ಮೂರನೆಯ ಸಲದಿಂದ ಉರಿ, ಮೈಕೈ ನೋವು, ಸಣ್ಣ ಜ್ವರ ಬರಬಹುದು. ಆದರೆ ಜ್ವರ ನೂರಾ ಒಂದು ದಾಟಿದರೆ, ಇಲ್ಲವೇ ಎರಡು ದಿನಕ್ಕೆ ಇಳಿಯದಿದ್ದರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಅಪರೂಪಕ್ಕೆ ಆ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುವುದುಂಟು.

ಇಷ್ಟಕ್ಕೇ ನಿಲ್ಲಿಸಬೇಕೆಂದು ಕುಳಿತಿದ್ದೆ, ಆಗುತ್ತಿಲ್ಲ.

ಅಕ್ಕೋರೇ, ನನ್ನ ಕೆಲಸವೂ ಅದೇ. ಇಡೀ ಬ್ಯಾಕ್ಟೀರಿಯಾ ಬೇಡ, ಅದರ ಗೋಡೆಯ ಒಂದೇ ಒಂದು ತುಣುಕು ಸಾಕಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ. ಸಾಕಾದರೆ ನೀವು ಪಡುವ ಅಪಾಯ ಮುಂದಿನವರು ಪಡಬೇಕಾಗಿಲ್ಲ. ಸೆಪ್ಟೆಂಬರಿನಲ್ಲಿ ಗಡ್ಡೆ ಇರುವ ಹತ್ತು ಇಲಿಗಳಿಗೆ ಆ ತುಣುಕನ್ನು ಚುಚ್ಚಿದೆ. ಏಳು ಇಲಿಗಳ ಗಡ್ಡೆ ಕುಗ್ಗಿತು. ನಾಲ್ಕರಲ್ಲಿ ಇದ್ದ ಜಾಗವೇ ಗೊತ್ತಾಗದಂತೆ ಹೋಯಿತು. ಅಳತೆಗೋಲು ಹಿಡಿದು ಅಲ್ಲೇ ನಿಂತೆ, ಅಳೆಯಲು ಏನೂ ಇರಲಿಲ್ಲ. ಹೊರಗೆ ಓಡಿಬಂದು ಫೋನ್ ತೆಗೆದೆ. ಯಾರಿಗೆ ಮಾಡಬೇಕೆಂದು ಹೊಳೆಯಿತು. ಮಾಡಲಿಲ್ಲ.

"ಇಲಿ ಕೊಲ್ಲಾಕ ನಿನ್ನ ಓದಿಸಿದ್ನೇನು?" ಎಂದು ನೀವು ಫೋನಿನಲ್ಲಿ ಅಂದಿದ್ದು ಬಿ.ಎಡ್. ಸೀಟು ಬಿಟ್ಟು ನಾನು ಇಲ್ಲಿಗೆ ಹೊರಟ ದಿನ. ನಾಲ್ಕು ವರ್ಷವಾಯಿತು. ಹೌದು, ಇಲ್ಲಿ ಇಲಿಗಳು ಸಾಯುತ್ತವೆ. ಪ್ರತಿಯೊಂದರ ನಂಬರೂ ನನ್ನ ನೋಟ್‌ಬುಕ್ಕಿನಲ್ಲಿದೆ. ನಿಮಗೆ ಹಾಕುತ್ತಿರುವ ಔಷಧಿಯೂ ಅದೇ ದಾರಿಯಲ್ಲಿ ಬಂದದ್ದು.

ಇಂತಿ,
ಚಂದ್ರಕಲಾ


ದೇವದುರ್ಗ
೧೭ ಜನವರಿ ೨೦೨೫

ಚಂದ್ರಕಲಾ,

ಬಂತು. ನೂರು ಪಾಯಿಂಟ್ ಆರು.

ನಿನ್ನೆ ಮೂರನೇ ಗುರುವಾರ. ನೀನು ಬರೆದಂತೆಯೇ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದು ಒಂದು ತಾಸಿಗೆ ಚಳಿ ಹತ್ತಿತು. ಉರಿ ಎಂದರೆ ಒಣಮೆಣಸಿನಕಾಯಿ ಕುಟ್ಟಿದ ಕೈಯಲ್ಲಿ ಕಣ್ಣು ಒರೆಸಿಕೊಂಡ ಹಾಗೆ. ಥರ್ಮಾಮೀಟರ್ ಬೆಳಕಿಗೆ ಹಿಡಿದು ಓದಿದೆ, ಒರೆಸಿ ಮತ್ತೆ ಇಟ್ಟುಕೊಂಡು ಓದಿದೆ. ಜ್ವರ ಬಂದದ್ದಕ್ಕೆ ಇಷ್ಟು ಖುಷಿಪಟ್ಟ ಹೆಂಗಸು ಈ ತಾಲೂಕಿನಲ್ಲಿ ಬೇರೆ ಇರಲಿಕ್ಕಿಲ್ಲ. ನನ್ನ ಒಳಗೆ ಯಾರೋ ಎದ್ದಿದ್ದಾರೆ. ಇಷ್ಟು ದಿನ ಈ ಮೈ ನನಗೆ ಮೋಸ ಮಾಡಿತು ಎಂದುಕೊಂಡಿದ್ದೆ. ಇಲ್ಲ, ಮಲಗಿತ್ತು ಅಷ್ಟೇ.

ನಿಮ್ಮವ್ವ ಇಲ್ಲಿದ್ದಾಳೆ. ನಾನು ಕರೆಸಿದ್ದಲ್ಲ, ಹೇಗೋ ಸುದ್ದಿ ತಿಳಿದು ಹಟ್ಟಿಯಿಂದ ಸೋಮವಾರವೇ ಬಂದುಬಿಟ್ಟಳು. ನಿಮ್ಮಪ್ಪ ಜಂಬಣ್ಣ ಕುರಿ ನೋಡಿಕೊಳ್ಳುತ್ತಾನಂತೆ. ನಾನು ನಗುತ್ತಾ ನಡುಗುತ್ತಾ ಕೂತಿದ್ದನ್ನು ನೋಡಿ ಅವಳಿಗೆ ಗಾಬರಿ. "ಅಕ್ಕೋರ, ರೋಗದ ಹುಳಾನ ಒಳಗ ಬಿಟಗೊಂಡು ನಗಾಕತ್ತೀರಲ್ಲ, ಇದೆಂಥಾ ಔಷಧರೀ?" ಅಂದಳು.

ನಿನ್ನ ಪತ್ರ ಓದಿ ಹೇಳಿದೆ. ಚಹಾ ಇಳಿಸಿ ಸೋಸುತ್ತಾ ತಾನೇ ಹೇಳಿದಳು, "ಅಂದ್ರ ಹಿಂಗೇನ್ರೀ. ಮನಿ ನಾಯಿನ ಕಳ್ಳ ಆಗಿ ಕುರಿ ತಿನ್ನಾಕತ್ತದ. ಗುರುತಿನ ನಾಯಿ ನೋಡ್ರಿ, ಉಳಿದ ನಾಯಿ ಬೊಗಳಂಗಿಲ್ಲ. ನೀವೇನ್ ಮಾಡೀರಿ, ಹಲ್ಲಿಲ್ಲದ ಒಂದು ತೋಳ ತಂದು ಹಟ್ಟ್ಯಾಗ ಬಿಟ್ಟೀರಿ. ಎಲ್ಲಾ ನಾಯಿ ಎದ್ದು ಬೊಗಳಾಕತ್ಯಾವ. ಆ ಗದ್ದಲದಾಗ ಬಾಯಿಗೆ ರಕ್ತ ಹತ್ತಿದ ಕಳ್ಳನೂ ಸಿಕ್ಕೊಂಡ."

ನಾನು ಮೂವತ್ತು ವರ್ಷದಲ್ಲಿ ಯಾವ ಪಾಠವನ್ನೂ ಇಷ್ಟು ಚೆನ್ನಾಗಿ ಹೇಳಿಲ್ಲ. ಇದನ್ನು ನಿಮ್ಮ ಪ್ರೊಫೆಸರರಿಗೆ ಹೇಳು.

ಇಲಿಗಳ ನಂಬರಿನ ವಿಷಯ ಓದಿದೆ. ಅದಕ್ಕೆ ಉತ್ತರ ಇವತ್ತು ಬರೆಯುವುದಿಲ್ಲ. ಏಳು ಇಲಿ ಎಂದದ್ದು ಮಾತ್ರ ತಲೆಯಲ್ಲಿ ಕುಣಿಯುತ್ತಿದೆ. ಮತ್ತೊಮ್ಮೆ ಮಾಡಿ ನೋಡಿದೆಯಾ? ಒಮ್ಮೆ ಬಂದ ಉತ್ತರವನ್ನು ಎರಡನೇ ಸಲ ಮಾಡಿ ನೋಡದೆ ನಂಬಬಾರದು.

ಸುನಂದಾ


ಹೈದರಾಬಾದ್
೨೧ ಜನವರಿ ೨೦೨೫

ಅಕ್ಕೋರಿಗೆ ನಮಸ್ಕಾರಗಳು.

ನೀವು ಕೇಳಿದ ಪ್ರಶ್ನೆಗೆ ಉತ್ತರ ನಿನ್ನೆ ಸಿಕ್ಕಿತು. ಮಾಡಿ ನೋಡಿದೆ. ಆಗಲಿಲ್ಲ.

ಡಿಸೆಂಬರಿನಲ್ಲಿ ಹೊಸ ಇಲಿಗಳನ್ನು ತೆಗೆದುಕೊಂಡು ಎಲ್ಲವನ್ನೂ ಹಾಗೆಯೇ ಮಾಡಿದ್ದೆ. ಅದೇ ವಯಸ್ಸು, ಅದೇ ಅಳತೆ, ಅದೇ ಸೂಜಿ. ತುಣುಕು ಮಾತ್ರ ಹೊಸದಾಗಿ ತಯಾರಿಸಿದ್ದು. ಮೊದಲ ಸಲಕ್ಕಿಂತ ಶುದ್ಧವಾಗಿ, ತಿಂಗಳಿಡೀ ಕೂತು ತೊಳೆದು ತೊಳೆದು ತೆಗೆದದ್ದು. ಹತ್ತರಲ್ಲಿ ಒಂದೇ ಒಂದು ಇಲಿಯ ಗಡ್ಡೆ ಸ್ವಲ್ಪ ಕುಗ್ಗಿದೆ. ಉಳಿದವು ಔಷಧಿ ಕೊಡದ ಇಲಿಗಳ ಹಾಗೆಯೇ ಬೆಳೆದಿವೆ. ಪ್ರೊಫೆಸರ್ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮೊದಲನೆಯದು ಆಕಸ್ಮಿಕವಾಗಿ ಬಂದಿರಬೇಕು, ಮಾರ್ಚ್‌ವರೆಗೆ ನೋಡೋಣ, ಆಮೇಲೆ ಬೇರೆ ವಿಷಯ ಹಿಡಿ" ಎಂದರು.

ಪೇಪರಿನಲ್ಲಿ ಫೋಟೋ ಬಂದಿತ್ತಲ್ಲ, ಅದನ್ನು ನೋಡಿ ನಮ್ಮಪ್ಪ ಸಂತೆಯಲ್ಲಿ ಎಲ್ಲರಿಗೂ ತೋರಿಸಿದ್ದನಂತೆ. ಈಗ ಅದೇ ನೆನಪಾಗುತ್ತಿದೆ.

ನಿಮ್ಮ ಜ್ವರದ ಪತ್ರ ಮಾತ್ರ ಲ್ಯಾಬಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅವ್ವನ ತೋಳದ ಮಾತು ತೆಲುಗಿನಲ್ಲಿ ಅನುವಾದವಾಗಿ ಈಗ ಮೂರನೇ ಮಹಡಿಯವರೆಗೆ ಹೋಗಿದೆ.

ಜ್ವರ ಇಳಿಯಿತೇ? ಬರೆಯಿರಿ.

ಚಂದ್ರಕಲಾ


ದೇವದುರ್ಗ
೨೪ ಜನವರಿ ೨೦೨೫

ಚಂದ್ರಕಲಾ,

ನಿನ್ನ ಪತ್ರ ಈಗಷ್ಟೇ ಬಂತು. ಹಾಸಿಗೆಯಲ್ಲೇ ಕೂತು ಬರೆಯುತ್ತಿದ್ದೇನೆ, ಅಕ್ಷರ ಓಲಾಡಿದರೆ ಕ್ಷಮಿಸು.

ಒಂದು ಮಾತು ಕೇಳುತ್ತೇನೆ, ನಗಬೇಡ. ನಿನ್ನ ಹಳೆಯ ಸೀಸೆ ಕೊಳಕಾಗಿತ್ತೇ?

ಒಂಬತ್ತನೇ ತರಗತಿಯಲ್ಲಿ ನಿನಗೆ ಜಲಜನಕ ತಯಾರಿಸಿ ತೋರಿಸಿದ್ದು ನೆನಪಿದೆಯಾ? ಸತುವಿನ ಮೇಲೆ ಆಮ್ಲ ಹಾಕಿದರೆ ಗುಳ್ಳೆ ಬರಬೇಕು. ಒಂದು ವರ್ಷ ಇಲಾಖೆಯಿಂದ ಬಹಳ ಶುದ್ಧವಾದ ಸತು ಬಂದಿತ್ತು. ಹಾಕಿದೆ, ಗುಳ್ಳೆಯೇ ಇಲ್ಲ. ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. ಹಿಂದಿನ ವರ್ಷದ ಡಬ್ಬಿಯ ತಳದಲ್ಲಿದ್ದ ಕಪ್ಪಾದ ಹರಳು ಹಾಕಿದೆ, ಗುಳುಗುಳು ಎಂದಿತು. ಅದರಲ್ಲಿ ತಾಮ್ರದ ಕೊಳೆ ಇತ್ತು, ಕೆಲಸ ಚುರುಕು ಮಾಡುತ್ತಿದ್ದುದು ಆ ಕೊಳೆ.

ನನಗೆ ಹಾಕುತ್ತಿರುವುದು ಇಡೀ ಬ್ಯಾಕ್ಟೀರಿಯಾ. ಅದರ ಗೋಡೆ, ಅದರ ಹೊಟ್ಟೆ, ಎಲ್ಲ. ನೀನು ಒಂದೇ ತುಣುಕನ್ನು ತೊಳೆದು ತೊಳೆದು ತೆಗೆದೆ. ತೊಳೆದ ನೀರಿನಲ್ಲಿ ಏನು ಹೋಯಿತೆಂದು ನೋಡಿದೆಯಾ? ಹಳೆಯ ಸೀಸೆಯಲ್ಲಿ ಇನ್ನೂ ಎರಡು ಹನಿ ಉಳಿದಿದ್ದರೆ ಚೆಲ್ಲಬೇಡ.

ನಾನು ಹೈಸ್ಕೂಲು ಟೀಚರು, ನಿಮ್ಮ ವಿಷಯದಲ್ಲಿ ಕೈ ಹಾಕುವಷ್ಟು ಕಲಿತವಳಲ್ಲ. ಆದರೆ ಈ ಯೋಚನೆ ಬಂದಾಗಿನಿಂದ ಮಲಗಲಾಗುತ್ತಿಲ್ಲ.

ನಿನ್ನೆ ನಾಲ್ಕನೇ ಗುರುವಾರ. ಈ ಸಲ ನನ್ನ ಸೈನ್ಯ ಪೂರ್ತಿ ಹೊರಟಿದೆ, ಜ್ವರ ನೂರಾ ಎರಡೂವರೆ. ನೀನು ಹೇಳಿದ ಗೆರೆ ದಾಟಿದೆ ಎಂದು ಗೊತ್ತು. ಹೇಳಿದರೆ ಉಳಿದ ಎರಡು ಡೋಸು ನಿಲ್ಲಿಸಿಬಿಡುತ್ತಾರೆ. ಇಷ್ಟು ದೂರ ಬಂದು ನಿಲ್ಲಿಸಲು ನನಗೆ ಮನಸ್ಸಿಲ್ಲ. ನಿಮ್ಮವ್ವನಿಗೆ ನೂರು ಎಂದಷ್ಟೇ ಹೇಳಿದ್ದೇನೆ. ಅವಳಿಗೆ ಥರ್ಮಾಮೀಟರ್ ಓದಲು ಬರುವುದಿಲ್ಲ. ನೀನೂ ಹೇಳಬೇಡ.

ಸುನಂದಾ


ಹೈದರಾಬಾದ್
೪ ಫೆಬ್ರುವರಿ ೨೦೨೫

ಅಕ್ಕೋರೇ,

ಆಸ್ಪತ್ರೆಯಲ್ಲಿ ಐದು ದಿನ ನಿಮ್ಮ ಮಂಚದ ಪಕ್ಕ ಕೂತಿದ್ದೆ. ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಅಲ್ಲಿ ನಿಮ್ಮ ಮುಖ ಬಿಳಿಚಿಕೊಂಡಿತ್ತು.

ನಿಮ್ಮ ಪತ್ರ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಕೈಗೆ ಬಂತು. ಬರೆದು ಮೂರು ದಿನವಾಗಿತ್ತು. ಅವ್ವನಿಗೆ ಫೋನ್ ಮಾಡಿದರೆ, "ಅಕ್ಕೋರು ನೀರು ಕುಡ್ಯಾಕೂ ಎದ್ದಿಲ್ಲವ್ವ, ನೂರ ಅದ ಅಂತಾರ, ಮೈ ಕೆಂಡ ಆಗ್ಯದ" ಎಂದಳು. ಆ "ನೂರು" ಕೇಳಿ ನನಗೆ ನಿಮ್ಮ ಮೇಲೆ ಬಂದ ಸಿಟ್ಟು ನಾಲ್ಕು ವರ್ಷದ ಹಿಂದೆಯೂ ಬಂದಿರಲಿಲ್ಲ. ಸಂಜೀವಣ್ಣ ಕಾರು ತಂದು ರಾಯಚೂರಿಗೆ ಸೇರಿಸುವ ಹೊತ್ತಿಗೆ ನೂರಾ ನಾಲ್ಕು. ಮರುದಿನದ ರೈಲಿಗೆ ನಾನು ಬಂದೆ. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತಿತ್ತು ಎಂದು ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದರು. ಇನ್ನೆರಡು ದಿನ ಬಿಟ್ಟಿದ್ದರೆ ಉಳಿಸುವುದು ಕಷ್ಟವಾಗುತ್ತಿತ್ತು ಎಂದರು.

ವಿಜ್ಞಾನ ಕಲಿಸಿದವರು ನೀವು. ಅಳತೆಯ ಗೆರೆ ದಾಟಿದ್ದನ್ನು ಬಚ್ಚಿಡುವುದು ವಿಜ್ಞಾನವಲ್ಲ. ಇಲಿಯಾದರೆ ಪಾಪ, ತನ್ನ ಜ್ವರವನ್ನು ಹೇಳಲಾರದು. ನಿಮಗೆ ಬಾಯಿತ್ತು.

ಇಷ್ಟು ಬೈಯಬೇಕಿತ್ತು, ಬೈದೆ. ಆ ಬ್ಯಾಕ್ಟೀರಿಯಾ ಕೊಲ್ಲಲು ಕೊಟ್ಟಿರುವ ಟಿ.ಬಿ. ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬೇಡಿ. ಐದನೇ, ಆರನೇ ಡೋಸಿನ ಆಸೆ ಬಿಡಿ. ನಾಲ್ಕು ಡೋಸು ಏನು ಮಾಡಿದೆ ಎಂದು ಮಾರ್ಚಿನ ಪರೀಕ್ಷೆಯಲ್ಲಿ ನೋಡುತ್ತಾರೆ.

ಈಗ ಕೇಳಿ. ಕೂತಿದ್ದರೆ ಗಟ್ಟಿಯಾಗಿ ಕೂತುಕೊಳ್ಳಿ.

ಹಳೆಯ ಸೀಸೆ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿತ್ತು. ತಳದಲ್ಲಿ ಸ್ವಲ್ಪ ಉಳಿದಿತ್ತು. ನಿನ್ನೆ ಬಂದವಳೇ ಬ್ಯಾಗು ಕೆಳಗಿಟ್ಟು ಅದನ್ನು ಯಂತ್ರಕ್ಕೆ ಹಾಕಿದೆ. ಅದು ಕೊಳಕಾಗಿತ್ತು, ಅಕ್ಕೋರೇ. ಅದರಲ್ಲಿ ಬ್ಯಾಕ್ಟೀರಿಯಾದ ಡಿ.ಎನ್.ಎ. ಚೂರುಗಳಿದ್ದವು. ಹೊಸ ಸೀಸೆಯಲ್ಲಿ ಒಂದಿಷ್ಟೂ ಇಲ್ಲ, ನಾನೇ ತೊಳೆದು ಕಳೆದಿದ್ದೆ. ಇವತ್ತು ಗಾಜಿನ ತಟ್ಟೆಯಲ್ಲಿ ಕಾವಲು ಕೋಶಗಳ ಮೇಲೆ ಎರಡನ್ನೂ ಹಾಕಿ ನೋಡಿದೆ. ಹೊಸದಕ್ಕೆ ಅವು ಹೊರಳಿ ಮಲಗಿದವು. ಹಳೆಯದಕ್ಕೆ ಎದ್ದವು. ಹಳೆಯದರಲ್ಲಿ ಡಿ.ಎನ್.ಎ. ಕತ್ತರಿಸುವ ಕಿಣ್ವ ಹಾಕಿ ಮತ್ತೆ ಕೊಟ್ಟೆ. ಸುಮ್ಮನಾದವು.

ಗೋಡೆಯ ತುಣುಕು ಒಂದೇ ಸಾಲದು. ಅದರ ಜೊತೆ ಇನ್ನೊಂದು ಬೇಕು. ಇದನ್ನು ಈಗ ಸರಿಯಾದ ಅಳತೆಯಲ್ಲಿ, ಬೇಕೆಂದೇ ಸೇರಿಸಿ ಇಲಿಗಳಲ್ಲಿ ನೋಡಬೇಕು. ಪ್ರೊಫೆಸರರ ಬಾಗಿಲು ಬಡಿದು ಒಳಗೆ ಹೋಗಿ, ಕೇಳುವ ಮೊದಲೇ ಸತುವಿನ ಕಥೆ ಶುರು ಮಾಡಿದೆ. ಅವರು ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿ, "ಇಪ್ಪತ್ನಾಲ್ಕು ಇಲಿ ತಗೋ" ಎಂದರು.

ನಿಮ್ಮ
ಚಂದ್ರಕಲಾ


ಮಾನ್ವಿ
೧೪ ಫೆಬ್ರುವರಿ ೨೦೨೫

ಚಂದ್ರಕಲಾ,

ಸಂಜೀವನ ಮನೆಯಲ್ಲಿದ್ದೇನೆ. ಜ್ವರವಿಲ್ಲ. ಮಾತ್ರೆ ನುಂಗುತ್ತಿದ್ದೇನೆ, ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದೆ, ಅದು ಮಾತ್ರೆಯ ಬಣ್ಣವಂತೆ. ನಿನ್ನ ಪತ್ರವನ್ನು ಸಂಜೀವನಿಗೆ ಓದಿ ಹೇಳಿದೆ, ಬೈಗುಳದ ಭಾಗ ಬಿಟ್ಟು. ಆಮೇಲೆ ಅದನ್ನೂ ಓದಿದೆ. ಅವನು, "ಸರಿಯಾಗಿ ಬರದಾಳ" ಎಂದ.

ಬಚ್ಚಿಟ್ಟದ್ದು ಜ್ವರ ಒಂದೇ ಅಲ್ಲ. ಇದನ್ನು ಇನ್ನೂ ಯಾರಿಗೂ ಹೇಳಿಲ್ಲ. ಮೊದಲ ಸಲ ರಕ್ತ ಕಂಡದ್ದು ಕಳೆದ ಜುಲೈಯಲ್ಲಿ. ನಾನು ಡಾಕ್ಟರ ಹತ್ತಿರ ಹೋದದ್ದು ನವೆಂಬರ್ ಕೊನೆಗೆ. ನಡುವೆ ಹತ್ತನೇ ತರಗತಿಗೆ ವಿಸರ್ಜನಾಂಗಗಳ ಪಾಠ ಬಂತು. ಹಲಗೆಯ ಮೇಲೆ ಎರಡು ಮೂತ್ರಪಿಂಡ, ಎರಡು ನಾಳ, ಒಂದು ಮೂತ್ರಕೋಶ ಬಿಡಿಸಿ, ಭಾಗ ಗುರುತಿಸಿ, ಕೈ ಒರೆಸಿಕೊಂಡು ಶೌಚಾಲಯಕ್ಕೆ ಹೋದರೆ ಕೆಂಪು. ನೀರು ಸುರಿದು ಬಂದು ಮುಂದಿನ ಪಿರಿಯಡ್ ತೆಗೆದುಕೊಂಡೆ.

ಯಾಕೆ ಎಂದು ನೀನು ಕೇಳುತ್ತೀ. ಉಷ್ಣ ಎಂದುಕೊಂಡೆ, ಮುಟ್ಟು ನಿಂತ ಮೇಲಿನ ತೊಂದರೆ ಎಂದುಕೊಂಡೆ. ಅದು ಸುಳ್ಳು. ನಾಚಿಕೆಯಾಗಿತ್ತು. ನನ್ನವ್ವ ಬಸ್ಸಮ್ಮ ಬಾಗಲವಾಡದಲ್ಲಿ ಮಂದಿಯ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ದಿನವಿಡೀ ತಡೆದುಕೊಂಡು ಕತ್ತಲಾಗುವುದನ್ನು ಕಾಯುತ್ತಿದ್ದಳು, ನೀರು ಕಡಿಮೆ ಕುಡಿಯುತ್ತಿದ್ದಳು. ಆ ವಿಷಯ ಅವಳು ಒಂದು ದಿನವೂ ಬಾಯಿಬಿಟ್ಟು ಆಡಲಿಲ್ಲ. ನಾನು ಓದಿದೆ, ನೌಕರಿ ಹಿಡಿದೆ, ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಿದೆ, ಎಲ್ಲದರ ಬಗ್ಗೆ ಎಲ್ಲರೆದುರು ಮಾತಾಡಿದೆ. ಇದೊಂದು ಮಾತ್ರ ಅವ್ವನಿಂದ ಕಲಿತದ್ದು ಹಾಗೆಯೇ ಉಳಿದುಬಿಟ್ಟಿತ್ತು.

ಇನ್ನೊಂದು. ಇಲಿಗಳ ಬಗ್ಗೆ ನಾನು ಅಂದ ಆ ಮಾತು ಇಲಿಗಳ ಬಗ್ಗೆ ಅಲ್ಲ. ನೀನು ಬಿ.ಎಡ್. ಮಾಡಿದ್ದರೆ ದೇವದುರ್ಗದಲ್ಲೋ ಜಾಲಹಳ್ಳಿಯಲ್ಲೋ ಕೆಲಸ ಸಿಗುತ್ತಿತ್ತು. ಸಂಜೆ ಚಹಾಕ್ಕೆ ಇನ್ನೊಂದು ಲೋಟ ನೀರು ಇಡುತ್ತಿದ್ದೆ, ಅಷ್ಟೇ.

ಆಸ್ಪತ್ರೆಯಲ್ಲಿ ನೀನು ಐದು ದಿನವೂ ಮೋಸಂಬಿ ಸುಲಿದು ಬೀಜ ತೆಗೆದು ಕೊಟ್ಟೆ. ನಾವು ಮೋಸಂಬಿಯ ಹುಳಿ ಬಗ್ಗೆ ಬಿಟ್ಟು ಬೇರೇನೂ ಮಾತಾಡಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಇಪ್ಪತ್ನಾಲ್ಕು ಇಲಿಗಳ ಸುದ್ದಿ ಬೇಗ ಬರಲಿ. ದಿನಕ್ಕೆ ಎರಡು ಸಲ ಬಾಗಿಲಿಗೆ ಹೋಗಿ ಬರುತ್ತಿದ್ದೇನೆ. ಇಲ್ಲಿನ ಪೋಸ್ಟ್‌ಮನ್ ಈಗ ನನ್ನನ್ನು ನೋಡಿದರೆ ದೂರದಿಂದಲೇ ಕೈ ಆಡಿಸುತ್ತಾನೆ.

ಸುನಂದಾ


ಹೈದರಾಬಾದ್
೧೮ ಮಾರ್ಚ್ ೨೦೨೫

ಅಕ್ಕೋರೇ,

ಪತ್ರ ಬರೆಯಲು ಇಷ್ಟು ದಿನ ಕೈ ಕಟ್ಟಿ ಕೂತಿದ್ದೆ. ಅರ್ಧ ಸುದ್ದಿ ಬರೆಯಬಾರದೆಂದು.

ಎಂಟೆಂಟು ಇಲಿಗಳ ಮೂರು ಗುಂಪು ಮಾಡಿದ್ದೆ. ಒಂದಕ್ಕೆ ಬರೀ ಉಪ್ಪುನೀರು. ಇನ್ನೊಂದಕ್ಕೆ ಗೋಡೆಯ ತುಣುಕು ಒಂದೇ. ಮೂರನೆಯದಕ್ಕೆ ತುಣುಕು ಮತ್ತು ಡಿ.ಎನ್.ಎ. ಚೂರು ಎರಡೂ. ಯಾವ ಪಂಜರಕ್ಕೆ ಯಾವುದೆಂದು ಅಳೆಯುವವರಿಗೆ ಗೊತ್ತಿರಬಾರದೆಂದು, ಪಕ್ಕದ ಲ್ಯಾಬಿನ ಅಂಬರೇಶನ ಕೈಯಲ್ಲಿ ಅಳತೆ ಮಾಡಿಸಿದೆ. ಅವನೂ ನಮ್ಮ ಕಡೆಯವನೇ, ಕಲ್ಮಲದವನು. ಮೂರನೇ ವಾರ ಅವನು ಬಂದು, "ನಿಂದೊಂದು ಪಂಜರದಾಗ ಗಡ್ಡಿನ ಸಿಗವಲ್ದು ನೋಡು, ನೀ ಗಡ್ಡಿ ಹಾಕಿದ್ದು ಖರೇ ಏನು?" ಎಂದ. ನಾನು ಉತ್ತರ ಹೇಳುವಂತಿರಲಿಲ್ಲ. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ.

ಯಾವ ಪಂಜರಕ್ಕೆ ಯಾವುದೆಂದು ಬರೆದು ಮಡಚಿಟ್ಟಿದ್ದ ಚೀಟಿಯನ್ನು ನಿನ್ನೆ ಬಿಚ್ಚಿದೆವು. ಉಪ್ಪುನೀರಿನ ಎಂಟರಲ್ಲೂ ಗಡ್ಡೆ ಬೆಳೆದಿತ್ತು. ತುಣುಕು ಒಂದೇ ಕೊಟ್ಟ ಎಂಟರಲ್ಲಿ ಒಂದರದು ಕುಗ್ಗಿತ್ತು. ಎರಡನ್ನೂ ಕೊಟ್ಟ ಎಂಟರಲ್ಲಿ ಏಳರದು ಕುಗ್ಗಿ, ಐದರಲ್ಲಿ ಪೂರ್ತಿ ಮಾಯ. ಕುಗ್ಗದ ಆ ಒಂದು ಇಲಿ ಯಾಕೆ ಹಾಗೆ ಎಂದು ಈಗ ನನ್ನ ತಲೆ ತಿನ್ನುತ್ತಿದೆ. ಅದರ ನಂಬರು ಹದಿನೇಳು.

ಇಲಿಯಿಂದ ಮನುಷ್ಯರವರೆಗೆ ಹಾದಿ ಬಹಳ ದೂರ. ಎಷ್ಟೋ ಔಷಧಿಗಳು ನಡುವೆಯೇ ಬಿದ್ದುಹೋಗುತ್ತವೆ, ಇದೂ ಬೀಳಬಹುದು. ನಿಮ್ಮ ಕಾಯಿಲೆಗೆ ಇದು ಇವತ್ತು ಉಪಯೋಗವಿಲ್ಲ ಎಂದೂ ಗೊತ್ತು. ಆದರೂ ನಿನ್ನೆ ಆ ಚೀಟಿ ಬಿಚ್ಚಿದಾಗ ನಾವು ಆರು ಜನ ಕಿರುಚಿದ್ದಕ್ಕೆ ಸೆಕ್ಯುರಿಟಿಯವರು ಮೇಲೆ ಹತ್ತಿ ಬಂದರು.

ಈ ಸಲ ಫೋನ್ ಮಾಡಬೇಕೆಂದಿದ್ದೆ. ಆಮೇಲೆ, ನೀವು ಪೋಸ್ಟ್‌ಮನ್ ದಾರಿ ಕಾಯುತ್ತೀರಿ ಎಂದು ಬರೆದದ್ದು ನೆನಪಾಗಿ ಪತ್ರವೇ ಹಾಕುತ್ತಿದ್ದೇನೆ.

ನಿಮ್ಮ ಪರೀಕ್ಷೆ ಇಪ್ಪತ್ತೈದಕ್ಕೆ ಅಲ್ಲವೇ? ನಾನು ಬರಲಾ?

ನಿಮ್ಮ
ಚಂದ್ರಕಲಾ


ದೇವದುರ್ಗ
೨೭ ಮಾರ್ಚ್ ೨೦೨೫

ಚಂದ್ರಕಲಾ,

ಬರಬೇಡ ಎಂದು ಸಂಜೀವನ ಕೈಯಲ್ಲಿ ಹೇಳಿಸಿದ್ದು ನಾನೇ. ಹದಿನೇಳನೇ ನಂಬರಿನವಳನ್ನು ಬಿಟ್ಟು ಬರಬಾರದು. ಅದೂ ಅಲ್ಲದೆ, ಉತ್ತರ ಕೆಟ್ಟದ್ದಾದರೆ ಅದನ್ನು ಒಬ್ಬಳೇ ಕೇಳಬೇಕೆಂದಿದ್ದೆ.

ಬಸ್ಸಿನಲ್ಲಿ ನಿನ್ನ ಪತ್ರ ಓದಿಕೊಂಡು ಹೋದೆ. ಮಲಗಿಸಿ ಕ್ಯಾಮೆರಾದ ನಳಿಗೆ ಹಾಕುವಾಗ ಡಾಕ್ಟರಿಗೆ, "ಪರದೆ ನನ್ನ ಕಡಿ ತಿರುಗಿಸ್ರಿ" ಎಂದೆ. "ಯಾಕ್ರೀ ಟೀಚರ, ಅಂಜಿಕಿ ಬರ್ತದ" ಎಂದರು. "ಮೂವತ್ತು ವರ್ಷ ಹಲಗಿ ಮ್ಯಾಲ ಬಿಡಿಸೀನ್ರಿ. ಒಮ್ಮೆ ಖರೇದು ನೋಡಬೇಕು" ಎಂದೆ. ನರ್ಸ್ ನಕ್ಕು ತಿರುಗಿಸಿದಳು.

ನೋಡಿದೆ. ನಾನು ಬಿಡಿಸುತ್ತಿದ್ದ ಆ ಚೀಲದಂತೆ ಇಲ್ಲವೇ ಇಲ್ಲ. ಒಳಗೊಂದು ಗುಹೆ, ತೆಳು ಗುಲಾಬಿ ಗೋಡೆ, ಅದರ ಮೇಲೆ ಎಳೆ ಎಲೆಯಲ್ಲಿ ಕಾಣುವಂತೆ ಸಣ್ಣ ಸಣ್ಣ ರಕ್ತನಾಳ. ತಳದ ಕಡೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಬಾಯಿ, ಅವು ಆಗಾಗ ತೆರೆದು ಹನಿ ಬಿಡುತ್ತಿದ್ದವು, ಮೂತ್ರಪಿಂಡದಿಂದ ಬರುವ ದಾರಿ. ಗಡ್ಡೆ ಕೆರೆದ ಜಾಗದಲ್ಲಿ ಬಿಳಿ ಕಲೆ. ಡಾಕ್ಟರ್ ಅಲ್ಲಿ ಬಹಳ ಹೊತ್ತು ನಿಂತರು. ಆಮೇಲೆ, "ಸ್ವಚ್ಛ ಅದರೀ" ಎಂದರು. ನಿನ್ನೆ ಮೂತ್ರದ ವರದಿಯೂ ಬಂತು. ಅದರಲ್ಲೂ ಕ್ಯಾನ್ಸರ್ ಕೋಶ ಇಲ್ಲ.

ನಾಲ್ಕೇ ಡೋಸು. ಮೂರು ತಿಂಗಳಿಗೊಮ್ಮೆ ಹೀಗೆಯೇ ನೋಡುತ್ತಿರಬೇಕು, ಎರಡು ವರ್ಷ. ಮತ್ತೆ ಬರುವುದಿಲ್ಲ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗೆ ಬಂದು ಸಂಜೀವನಿಗೆ ಹೇಳಿದರೆ ಅವನು ಗೋಡೆ ಕಡೆ ಮುಖ ಮಾಡಿ ನಿಂತ. ಅಯ್ಯಮ್ಮನಿಗೆ ಫೋನ್ ಮಾಡಿದೆ. "ನಾಯಿ ಮತ್ತ ಮಲಗಬಾರದು ನೋಡ್ರಿ ಅಕ್ಕೋರ, ಎಚ್ಚರ ಇಡ್ರಿ" ಎಂದಳು.

ಮೇ ತಿಂಗಳಲ್ಲಿ ಬಾ. ಬಿಸಿಲು ಜಾಸ್ತಿ, ಆದರೂ ಬಾ.

ಸುನಂದಾ


ದೇವದುರ್ಗ ಬಸ್ ನಿಲ್ದಾಣ
೧೯ ಜೂನ್ ೨೦೨೫

ಚಂದ್ರಕಲಾ,

ರಾಯಚೂರಿನ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿದೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನೀನು ಮೇ ತಿಂಗಳಲ್ಲಿ ಬಂದು ಹೋದ ಮೇಲೆ ಶಾಲೆ ಶುರುವಾಯಿತು. ಮೊನ್ನೆ ಹತ್ತನೇ ತರಗತಿಗೆ ಮತ್ತೆ ಅದೇ ಪಾಠ. ಹಲಗೆಯ ಮೇಲೆ ಮೂತ್ರಕೋಶ ಬಿಡಿಸಿದೆ, ಈ ಸಲ ಕಂಡದ್ದನ್ನು ಬಿಡಿಸಿದೆ. ಆಮೇಲೆ ಸೀಮೆಸುಣ್ಣ ಇಟ್ಟು ಹೇಳಿದೆ, "ನನಗ ಇಲ್ಲಿ ಕ್ಯಾನ್ಸರ್ ಆಗಿತ್ತು. ಮೂತ್ರದಾಗ ರಕ್ತ ಬಂತು. ನಾಚಿಕಿ ಪಟ್ಟು ಐದು ತಿಂಗಳು ಯಾರಿಗೂ ಹೇಳಲಿಲ್ಲ. ಅದು ನಾ ಮಾಡಿದ ತಪ್ಪು." ಇಡೀ ತರಗತಿ ತಲೆ ತಗ್ಗಿಸಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ನಿಲ್ಲಿಸಲಿಲ್ಲ. ಬಿ.ಸಿ.ಜಿ. ಹೇಳಿದೆ, ಜ್ವರ ಹೇಳಿದೆ, ನಿನ್ನ ಸೀಸೆಯ ಕಥೆ ಹೇಳಿದೆ. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ನಾಲ್ಕು ಹುಡುಗಿಯರು ಪ್ರಶ್ನೆ ಕೇಳಿದರು, ಕಿಸಕ್ಕೆಂದವಳು ಎರಡು ಕೇಳಿದಳು.

ನಿನ್ನೆ ಸಂಜೆ ಅವಳ ತಾಯಿ ಮನೆಗೆ ಬಂದಳು. ಹೆಸರು ಗೋಪಮ್ಮ, ಹತ್ತಿ ಮಿಲ್ಲಿನಲ್ಲಿ ಕೆಲಸ. ಹೊಸಿಲ ಹೊರಗೇ ನಿಂತಳು, ಒಳಗೆ ಕರೆದರೂ ಬರಲಿಲ್ಲ. ಬಹಳ ಹೊತ್ತು ಶಾಲೆ, ಮಗಳ ಮಾರ್ಕ್ಸು ಎಂದು ಏನೇನೋ ಮಾತಾಡಿ, ಹೊರಡುವವಳಂತೆ ತಿರುಗಿ, ಆ ಕಡೆ ಮುಖ ಮಾಡಿಯೇ ಹೇಳಿದಳು, "ಅಕ್ಕೋರ, ನನಗೂ ಹಂಗ ಆಗಾಕತ್ತದರೀ. ಯುಗಾದಿಯಿಂದ."

ಅದು ಕಲ್ಲಿರಬಹುದು, ಸೋಂಕಿರಬಹುದು, ಏನೂ ಇಲ್ಲದಿರಲೂಬಹುದು. ನೋಡದೆ ಹೇಳಲಾಗದು. ಆದ್ದರಿಂದ ಇವತ್ತು ರಜೆ ಹಾಕಿದ್ದೇನೆ.

ಈಗ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಈಗಷ್ಟೇ ಕೇಳಿದಳು, "ಪರೀಕ್ಷಿ ಮಾಡೋವಾಗ ಭಾಳ ನೋಯ್ತದೇನ್ರೀ?"

"ನಾಚಿಕಿ ನೋಯ್ತದ" ಎಂದೆ. "ಅದು ನಿನ್ನೆ ನನ್ನ ಮನಿ ಬಾಗಿಲದಾಗ ಮುಗೀತು. ಉಳಿದದ್ದು ತಡಕೋಬಹುದು."

ಬಸ್ಸು ಬಂತು. ನಾನು ಈ ಸಾಲು ಮುಗಿಸುವುದರೊಳಗೆ ಗೋಪಮ್ಮ ಹತ್ತಿ, ಕಿಟಕಿಯ ಪಕ್ಕ ಕೂತು, ನನಗೆಂದು ಬದಿಯ ಸೀಟಿನ ಮೇಲೆ ಕೈ ಚಾಚಿ ಹಿಡಿದಿದ್ದಾಳೆ.

ನಿನ್ನ
ಸುನಂದಾ